ಹೊಸ ಸಂತೆಗೆ ಹೊರಟ ಬೆಳೆಗಾರ

ಸಂಘದ ಕಛೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತ, ಧಾರಣೆಗಳ ವಿಚಾರ ಮುಗಿಸಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆ ಕೇಳತೊಡಗಿದ್ದಾರೆ. “ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಎಂದು ಮಕ್ಕಳು ಹೇಳುತ್ತಾರಲ್ಲ, ನಮ್ಮ ಕಾಫಿಯನ್ನು ಅದರಲ್ಲಿ ಹಾಕಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತೇ?” ಕೆಲವರದು ಆಸೆಯ ಪ್ರಶ್ನೆ, ಕೆಲವರದು ಕುಚೋದ್ಯದ್ದು. ಎರಡಕ್ಕೂ ನಮ್ಮ ಉತ್ತರ ಒಂದೇ: ಸಿಕ್ಕೀತು, ಆದರೆ ಗಿಡ ನೆಟ್ಟ ವರ್ಷವೇ ಫಸಲು ಕೇಳಬಾರದು.

ಈ ಮಾತು ನಮಗೇಕೆ ಮುಖ್ಯ ಎಂಬುದನ್ನು ಮೊದಲು ಹೇಳಬೇಕು. 1942ರ ಕಾಫಿ ಕಾಯಿದೆಯ ನಂತರ ದಶಕಗಳ ಕಾಲ ನಮ್ಮ ಹಿರಿಯರು ಬೆಳೆದದ್ದನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತಿನ ಹಣಕ್ಕಾಗಿ ಕಾದರು. ಮೂಡಿಗೆರೆಯ ಚೀಲವೂ ಕೊಪ್ಪದ ಚೀಲವೂ ಅಲ್ಲಿ ಒಂದೇ ರಾಶಿಗೆ ಸೇರುತ್ತಿದ್ದವು. ಬೆಳೆದವನ ಹೆಸರು ಕುಡಿಯುವವನಿಗೆ ತಿಳಿಯುವ ಪ್ರಮೇಯವೇ ಇರಲಿಲ್ಲ. 1990ರ ದಶಕದಲ್ಲಿ ಕಟ್ಟು ಸಡಿಲಿ, 1996ರ ವೇಳೆಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ಬಂತು. ಹಕ್ಕು ಬಂದದ್ದೇನೋ ಸರಿ, ಆದರೆ ಸಣ್ಣ ಬೆಳೆಗಾರರಲ್ಲಿ ಬಹಳ ಮಂದಿ ಇಂದಿಗೂ ಪಾರ್ಚ್‌ಮೆಂಟನ್ನೋ ಚೆರಿಯನ್ನೋ ಕಣದಿಂದಲೇ ವ್ಯಾಪಾರಿಯ ಲಾರಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಕೊಡಗಿನ ಅರೇಬಿಕಾಗಳಿಗೂ ಶಿರಸಿಯ ಅಡಿಕೆಗೂ ಭೌಗೋಳಿಕ ಗುರುತು ದೊರೆಯಿತು. ಆದರೆ ಗುರುತಿನ ಪತ್ರ ತಾನಾಗಿ ಮಾತಾಡುವುದಿಲ್ಲ. ಮಾತಾಡಬೇಕಾದವರು ನಾವು.

“ನಮಗೆ ಬರೆಯಲು ಬಾರದು, ಇದು ಹುಡುಗರ ಕೆಲಸ” ಎನ್ನುವವರಿಗೆ ಒಂದು ನೆನಪು ಸಾಕು. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಆರಂಭವಾದಾಗಲೂ ಕೃಷಿಕರು ಬರೆಯುವುದುಂಟೇ ಎಂಬ ಅನುಮಾನವಿತ್ತು. ಕೃಷಿಕರೇ ಲೇಖನಿ ಹಿಡಿದರು, ಪತ್ರಿಕೆ ನಿಂತಿತು. ಅಂದು ಲೇಖನಿ, ಇಂದು ಫೋನು.

ಇನ್ನು ಆರಂಭದ ವಿಚಾರ. ಹೊಸಬರು ಮಾಡುವ ಮೊದಲ ತಪ್ಪೆಂದರೆ ನಾಲ್ಕೂ ಕಡೆ ಒಮ್ಮೆಲೇ ಖಾತೆ ತೆರೆಯುವುದು. ನಾಲ್ಕು ತೋಟ ಹಿಡಿದು ಒಂದಕ್ಕೂ ನೀರು ಕಟ್ಟದವನ ಗತಿ ಅದು. ಒಂದನ್ನೇ ಹಿಡಿಯಿರಿ. ವಾಟ್ಸಾಪ್ ಎಲ್ಲರಿಗೂ ಪರಿಚಿತ. ವ್ಯಾಪಾರಕ್ಕೆಂದೇ ಇರುವ ಅದರ ಇನ್ನೊಂದು ರೂಪ 2018ರಲ್ಲಿ ಬಂದಿದೆ, ಖರ್ಚಿಲ್ಲ, ಮಾಲಿನ ಚಿತ್ರ ಮತ್ತು ದರವನ್ನು ಅಂಗಡಿಯ ಕಪಾಟಿನಂತೆ ಜೋಡಿಸಿಡಬಹುದು. ಬೆಂಗಳೂರಿನ ಅಳಿಯ, ಮುಂಬಯಿಯ ಷಡ್ಡಕ, ಅವರ ನೆರೆಮನೆಯವರು, ಹೀಗೆ ಐವತ್ತು ಮಂದಿಯಿಂದ ಆರಂಭವಾಗಲಿ. ಹತ್ತು ಸಾವಿರ ಹಿಂಬಾಲಕರಿಗಿಂತ ಎರಡನೆಯ ಸಲ ಪುಡಿ ತರಿಸುವ ಹತ್ತು ಮನೆ ಮೇಲು.

ಹಾಕುವುದೇನನ್ನು? ನಮಗೆ ಸಪ್ಪೆಯೆನಿಸುವುದೇ ಪೇಟೆಯವರಿಗೆ ಸೋಜಿಗ. ಹೂಮಳೆ ಬಿದ್ದ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗಿ, ಮೂರು ನಾಲ್ಕು ದಿನದಲ್ಲಿ ಆ ಬಿಳುಪು ಬಾಡುತ್ತದೆಂಬುದು ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರಲ್ಲಿ ಎಷ್ಟು ಮಂದಿಗೆ ಗೊತ್ತು? ಹಣ್ಣು ಕೊಯ್ಯುವ ಕೈ, ಪಲ್ಪರಿನಿಂದ ಇಳಿಯುವ ಬೀಜ, ಕಣದಲ್ಲಿ ಕುಂಟೆಯೆಳೆಯುವಾಗ ಬಂದ ಅಕಾಲದ ಮಳೆ, ಇವನ್ನೇ ತೋರಿಸಿ. ಕೆಲಸದವರ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಿ. ವಾರಕ್ಕೊಂದೇ ಸಾಕು, ಆದರೆ ವಾರ ತಪ್ಪಬಾರದು. ಸಿಗ್ನಲ್ಲು ದಿಣ್ಣೆ ಹತ್ತಿದರೆ ಮಾತ್ರ ಸಿಗುವ ಊರಿನವರು ಸಂತೆಯ ದಿನವನ್ನೇ ಗೊತ್ತುಮಾಡಿಕೊಳ್ಳಲಿ.

ಲೆಕ್ಕವನ್ನೂ ಮರೆಯಬಾರದು. ಇಡೀ ಫಸಲನ್ನು ಫೋನಿನಲ್ಲೇ ಮಾರುತ್ತೇನೆಂಬುದು ಹಗಲುಗನಸು. ಮೊದಲ ವರ್ಷಕ್ಕೆ ಒಂದೇ ಚೀಲ ತೆಗೆದಿಡಿ. 50 ಕಿಲೋ ಬೀಜ ಹುರಿದಾಗ ತೂಕದಲ್ಲಿ ಶೇಕಡ 15ರಿಂದ 20ರಷ್ಟು ಇಳಿದು 40 ಕಿಲೋ ಚಿಲ್ಲರೆ ಉಳಿಯುತ್ತದೆ. ಅರ್ಧ ಕಿಲೋದ 80 ಪೊಟ್ಟಣ. ಹುರಿಯುವ ಕೂಲಿ, ಪೊಟ್ಟಣ, ಅಂಚೆ ವೆಚ್ಚ ಕಳೆದು ಎಷ್ಟು ಉಳಿಯಿತೆಂದು ಬರೆದಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಪೊಟ್ಟಣದ ಮೇಲೆ ತೂಕ, ದರ, ತಾರೀಕು ಇರಬೇಕು. ಭೌಗೋಳಿಕ ಗುರುತಿನ ಹೆಸರು ಹಾಕುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. 80 ಪೊಟ್ಟಣ ಖರ್ಚಾಗದಿದ್ದರೆ ಹೋದದ್ದು ಒಂದು ಚೀಲ. ಖರ್ಚಾದರೆ ಮುಂದಿನ ವರ್ಷ ಎರಡು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಒಮ್ಮೆ ಅಡಿಕೆ ಧಾರಣೆ ಕುಸಿಯುತ್ತಿದೆಯೆಂಬ ಸುದ್ದಿಯ ತುಣುಕೊಂದು ನಮ್ಮ ಫೋನಿಗೆ ಬಂತು. ತಾರೀಕು ನೋಡದೆ ಸಂಘದ ಗುಂಪಿಗೆ ನಾವೇ ದಾಟಿಸಿದೆವು. ಅದು ಹಳೆಯ ಸುದ್ದಿ. ತಿದ್ದುವಷ್ಟರಲ್ಲಿ ಸದಸ್ಯರೊಬ್ಬರು ಮಗಳ ಮದುವೆಗೆಂದು ಇಟ್ಟಿದ್ದ ಚಾಲಿಯನ್ನು ಸಿಕ್ಕ ದರಕ್ಕೆ ಊರ ವ್ಯಾಪಾರಿಗೆ ತೂಗಿ ಕೊಟ್ಟಿದ್ದರು. “ಕಾರ್ಯದರ್ಶಿಗಳೇ ಹಾಕಿದ್ದು ಅಂತ ನಂಬಿದೆ” ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು. ಅಂದಿನಿಂದ ತಾರೀಕು, ಊರು, ಮೂಲ ಈ ಮೂರೂ ಇಲ್ಲದ ಧಾರಣೆಯ ಸುದ್ದಿಯನ್ನು ಗುಂಪಿಗೆ ಹಾಕಬಾರದೆಂದು ನಿಯಮ ಮಾಡಿದ್ದೇವೆ. ಎಲೆಚುಕ್ಕಿ ರೋಗಕ್ಕೆ ರಾಮಬಾಣವೆಂದು ಬರುವ ಔಷಧಿಗಳಿಗೂ ಇದೇ ನಿಯಮ. ರೋಗದ ಎಲೆಯ ಚಿತ್ರವನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೋ ಕಳಿಸಿ ಕೇಳುವುದು ಫೋನಿನ ಸದುಪಯೋಗ.

ಅಡಿಕೆಯ ಬಗ್ಗೆ ಇನ್ನೊಂದು ಮಾತು. ಅಡಿಕೆ ಆರೋಗ್ಯಕ್ಕೆ ಅಮೃತವೆಂದು ಸಾರುವ ಸಂದೇಶಗಳನ್ನು ನಮ್ಮವರೇ ಹಂಚುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅದು ನಮಗೆ ಕಹಿಯಾದರೂ, ಆಧಾರವಿಲ್ಲದ ಹೊಗಳಿಕೆಯಿಂದ ಅದನ್ನು ಅಳಿಸಲಾಗದು. ಇಂದು ಅಡಿಕೆಯ ಬಗ್ಗೆ ಸುಳ್ಳಾಡಿದವನ ಕಾಫಿಯನ್ನು ನಾಳೆ ಯಾರು ನಂಬುತ್ತಾರೆ? ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ತೋಟದ ಕೋಕೋ, ಜೇನು ಇವೆಯಲ್ಲ, ಅವನ್ನು ಧೈರ್ಯವಾಗಿ ಮುಂದಿಡೋಣ.

ದುಡ್ಡು ಕೊಟ್ಟರೆ ಸಾವಿರಾರು ಹಿಂಬಾಲಕರನ್ನು ಒದಗಿಸುತ್ತೇವೆ ಎನ್ನುವವರಿಗೆ ಬಾಗಿಲು ಹಾಕಿ. ಆ ಜನ ಕಾಫಿ ಕುಡಿಯುವುದಿಲ್ಲ. ನಮಗೆ ಹಣ ಬರಲು ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು. ಮೋಸ ಹೋದಿರೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ.

ಸದಸ್ಯರು ತಾವೇ ಮಾರತೊಡಗಿದರೆ ಸಂಘದ ಗತಿಯೇನೆಂದು ಆಡಳಿತ ಮಂಡಳಿಯ ಕೆಲವು ಹಿರಿಯರು ಅಳುಕುತ್ತಿದ್ದಾರೆ. ಅಳುಕು ಸಹಜವಾದರೂ ಅದನ್ನು ನಾವು ಒಪ್ಪುವುದಿಲ್ಲ. ಒಬ್ಬೊಬ್ಬರೇ ಹುರಿಯುವ ಯಂತ್ರ ಕೊಳ್ಳಲಾರರು, ಒಬ್ಬೊಬ್ಬರೇ ನೋಂದಣಿಗೆ ಅಲೆಯಲಾರರು. ಹುರಿಯುವುದು, ಪೊಟ್ಟಣ ಕಟ್ಟುವುದು, ಸಂಘದ ಹೆಸರಿನಲ್ಲಿ ಒಂದು ಪುಟ ನಡೆಸುವುದು ಸಂಘದ ಪಾಲಾಗಲಿ. ಪೊಟ್ಟಣದ ಮೇಲೆ ಬೆಳೆದವರ ಹೆಸರು ಇರಲಿ. ಇದನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲಿದ್ದೇವೆ. ವಿರೋಧವಿರುವವರು ತಪ್ಪದೆ ಬಂದು ಹೇಳಬೇಕು. ಒಪ್ಪುವವರು ಬರುವಾಗ ತಮ್ಮ ತೋಟದ ಒಂದು ಚಿತ್ರವನ್ನೂ, ಒಂದು ಸೇರು ಬೀಜವನ್ನೂ ತರಬೇಕೆಂದು ವಿನಂತಿ.

— ಕಾರ್ಯದರ್ಶಿ