ಮನೆಯ ಪಾಠ: ವಿಕಟಕವಿಯ ಪರೀಕ್ಷೆ

ಪ್ರೋಗ್ರಾಮ್ ಬರೆಯುವ ವಿದ್ಯೆಯನ್ನು ಆರಂಭಿಸಿದ ಮಕ್ಕಳಿಗೆ ವಿಧಿಸುವ ಅಭ್ಯಾಸಗಳಲ್ಲಿ, ಕೊಟ್ಟ ಪದವು ಕೊನೆಯಿಂದ ಓದಿದರೂ ಅದೇ ಪದವಾಗಿರುವುದೋ ಇಲ್ಲವೋ ಎಂಬುದನ್ನು ಕಂಪ್ಯೂಟರಿನಿಂದ ಹೇಳಿಸುವುದೂ ಒಂದು. ಸಂಸ್ಕೃತದ ಚಿತ್ರಕಾವ್ಯದಲ್ಲಿ ಇಂಥ ರಚನೆಗೆ ಗತಪ್ರತ್ಯಾಗತವೆಂದು ಹೆಸರು. ಈ ಅಭ್ಯಾಸವನ್ನು ಕನ್ನಡದ ಪದಗಳಿಂದ ಮಾಡಿಸಿದರೆ, ಆ ವಿದ್ಯೆಯನ್ನರಿಯದ ತಾಯಿತಂದೆಗಳೂ ಮನೆಯಲ್ಲಿ ಪರೀಕ್ಷಕರಾಗಬಹುದು.

ಮೊದಲು ಎರಡು ಹೆಸರುಗಳನ್ನು ತಿಳಿಯೋಣ. ಪೋಣಿಸಿಟ್ಟ ಲಿಪಿಚಿಹ್ನೆಗಳ ಮಾಲೆಯೇ ಸ್ಟ್ರಿಂಗ್. ಕ್ರಮಸಂಖ್ಯೆಯುಳ್ಳ ಗೂಡುಗಳ ಸಾಲು ಅರೇ. ಪೈಥಾನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಳಸುವುದು ಅದರ ಬಂಧುವಾದ ಲಿಸ್ಟ್. ಇಲ್ಲಿ ಮೊದಲನೆಯ ಗೂಡಿನ ಸಂಖ್ಯೆ 1 ಅಲ್ಲ, 0.

ಮಗುವು ಮಾಲೆಯನ್ನು ತಿರುಗಿಸಿ ಮೂಲದೊಡನೆ ಹೋಲಿಸುವ ಪ್ರೋಗ್ರಾಮನ್ನು ಬರೆದಿದೆಯೆನ್ನಿ. 'ಗದಗ' ಎಂದು ಕೊಟ್ಟರೆ 'ಹೌದು' ಎಂಬ ಉತ್ತರ ಬರುತ್ತದೆ. 'ವಿಕಟಕವಿ' ಎಂದು ಕೊಟ್ಟರೆ 'ಅಲ್ಲ' ಎನ್ನುತ್ತದೆ! ಕಾರಣವಿಷ್ಟೆ: ನಮ್ಮ ಎಣಿಕೆಯಲ್ಲಿ ಅದು 5 ಅಕ್ಷರ, ಪೈಥಾನಿನ ಎಣಿಕೆಯಲ್ಲಿ 7 ಚಿಹ್ನೆ. ಯೂನಿಕೋಡ್ ಪದ್ಧತಿಯಲ್ಲಿ 'ವ'ಕಾರಕ್ಕೆ 3253, ಅದರ ಗುಡಿಸಿಗೆ 3263 ಎಂಬ ಬೇರೆ ಬೇರೆ ಸಂಖ್ಯೆಗಳುಂಟು. ಮಾಲೆ ತಿರುಗಿದಾಗ ಒಂದು ಗುಡಿಸು ಆಶ್ರಯವಿಲ್ಲದೆ ಮೊದಲಿಗೆ ನಿಲ್ಲುತ್ತದೆ. ಇನ್ನೊಂದು 'ಕ'ಕಾರವನ್ನು ಸೇರಿ 'ಕಿ' ಎನಿಸುತ್ತದೆ.

'ಕನ್ನಡ' ಎಂಬ ಪದವು ಇನ್ನೂ ಮೋಸಗೊಳಿಸತಕ್ಕದ್ದು. ಒತ್ತು ಸಜಾತೀಯವಾದುದರಿಂದ ತಪ್ಪು ಪ್ರೋಗ್ರಾಮಿನಲ್ಲಿಯೂ ಅದು 'ಡನ್ನಕ' ಎಂದು ಸರಿಯಾಗಿಯೇ ತಿರುಗುತ್ತದೆ. ಆದುದರಿಂದ ಸುಲಭವಾದ ಪದವೊಂದು ಸರಿಹೋದ ಮಾತ್ರಕ್ಕೆ ಪ್ರೋಗ್ರಾಮು ಸರಿಯೆಂದು ಒಪ್ಪಬಾರದು.

ಪರಿಹಾರವು ಅರೇಯಲ್ಲಿದೆ. ಚಿಹ್ನೆಗಳನ್ನು ಒಂದೊಂದಾಗಿ ನೋಡುತ್ತ ಬರಬೇಕು. ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತಚಿಹ್ನೆ ಬಂದರೆ ಹಿಂದಿನ ಗೂಡಿಗೇ ಸೇರಿಸಬೇಕು. ಹಿಂದಿನ ಗೂಡು ಹಲಂತಚಿಹ್ನೆಯಿಂದ ಮುಗಿದಿದ್ದು, ಬಂದದ್ದು ವ್ಯಂಜನವಾದರೆ ಅದನ್ನೂ ಅಲ್ಲಿಗೇ ಸೇರಿಸಬೇಕು. ಉಳಿದವಕ್ಕೆ ಹೊಸ ಗೂಡು. ಹೀಗೆ ಮಾಡಲು ವಿ, ಕ, ಟ, ಕ, ವಿ ಎಂದು 5 ಗೂಡುಗಳಾಗುತ್ತವೆ. 0ನೆಯದನ್ನು 4ನೆಯದರೊಡನೆ, 1ನೆಯದನ್ನು 3ನೆಯದರೊಡನೆ ಹೋಲಿಸಿದರೆ ಸಾಕು. ನಡುವಿನ 'ಟ'ಕಾರಕ್ಕೆ ಜೋಡಿ ಬೇಕಿಲ್ಲ.

ಇದು ಬರಿಯ ಪದವಿನೋದವೆಂದು ತಿಳಿಯಬೇಡಿ. ಇಂದು ಪದವನ್ನು ತಿರುಗಿಸುವ ಮಗು ನಾಳೆ ಜನರ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸೀತು. ಸ್ಥಳ ಸಾಲದೆಂದು ಚಿಹ್ನೆಗಳನ್ನೆಣಿಸಿ 4ಕ್ಕೆ ಕತ್ತರಿಸಿದರೆ 'ಲಕ್ಷ್ಮಿ' ಹೋಗಿ 'ಲಕ್ಷ' ಉಳಿಯುತ್ತದೆ. ಹಣದ ಲೆಕ್ಕದಲ್ಲಿ ಅದು ಲಾಭವೆನಿಸೀತು, ಹೆಸರಿನವಳಿಗೆ ನಷ್ಟವೇ. ಅಕ್ಷರಗಳನ್ನೆಣಿಸುವವನಿಗೆ ಅದು ಎರಡೇ ಗೂಡು: ಲ, ಕ್ಷ್ಮಿ. ಕತ್ತರಿಸುವ ಪ್ರಸಂಗವೇ ಬಾರದು.

ಈ ತಿಂಗಳ ಅಭ್ಯಾಸಕ್ಕೆ 'ಮೈಸೂರು' ಎಂಬುದನ್ನು ಕೊಟ್ಟುನೋಡಿ. 'ರುಸೂಮೈ' ಎಂದು ಬಂದರೆ ಮಗುವಿಗೆ ಶಹಬ್ಬಾಸ್ ಹೇಳಿ. ಕೊಂಬು ಒಂಟಿಯಾಗಿ ನಿಂತು 'ರೂಸೈಮ' ಎಂದು ಹಿಂಬಾಲಿಸಿದರೆ ಗದರಿಸಬೇಡಿ. ಕಾಗದದ ಮೇಲೆ ಗೂಡುಗಳನ್ನು ಬರೆಯಿಸಿ, ಪದವನ್ನು ಬಾಯಿಬಿಟ್ಟು ಓದಿಸಿ. ಕಣ್ಣಿಗೆ ತಪ್ಪಿದ್ದನ್ನು ಕಿವಿ ಹಿಡಿಯುತ್ತದೆ.