ಬತ್ತೇರಿಯ ಕೆಳಗಿನ ಬಲೆ

ಮಗಳು, ಅಳಿಯ ಡಿಸೆಂಬರ್ ರಜೆಗೆ ಮೊರಾಕೊಗೆ ಹೋಗಿದ್ದರು. ಎಸ್ಸಾವಿರಾ ಎಂಬ ಕೋಟೆಯೊಳಗಿನ ಕಡಲೂರಿನಿಂದ ವಾಟ್ಸಾಪ್‌ಗೆ ಫೋಟೊಗಳ ಮೇಲೆ ಫೋಟೊ. ಸಾಲು ಫಿರಂಗಿ, ನೀಲಿ ದೋಣಿ. 1760ರ ದಶಕದಲ್ಲಿ ಅಲ್ಲಿನ ಸುಲ್ತಾನ ಕಟ್ಟಿಸಿದ ಊರು, 2001ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ನಮ್ಮವರು ಕನ್ನಡಕ ಏರಿಸಿ ಒಂದು ಫೋಟೊವನ್ನು ದೊಡ್ಡದು ಮಾಡಿ ನೋಡಿದರು. "ಇದು ಬೂತಾಯಿ ಅಲ್ವಾ ಮಾರಾಯ್ತಿ?" ಹೌದು, ಬಂದರಿನ ಬದಿಯಲ್ಲಿ ಕೆಂಡದ ಮೇಲೆ ಸುಡುತ್ತಿದ್ದದ್ದು ನಮ್ಮ ಬೂತಾಯಿಯ ಕುಲದ ಮೀನೇ.

"ಹಾಗಾದ್ರೆ ನಾವೂ ಒಬ್ಬ ಸುಲ್ತಾನನ ಕೋಟೆಗೆ ಹೋಗುವಾ" ಎಂದರು. ಮಂಗಳೂರಿನ ಉರ್ವ ಮಾರ್ಕೆಟ್ ಬಳಿ ರಿಕ್ಷಾ ಹಿಡಿದೆವು. ನಮ್ಮ ಚಳಿಗಾಲವೆಂದರೆ ಬೆಳಿಗ್ಗೆ ಎಂಟರವರೆಗೆ ಮಾತ್ರ. ಶಾಲು ಹೊದ್ದು ಹೊರಟವಳು ಸುಲ್ತಾನ್ ಬತ್ತೇರಿ ಮುಟ್ಟುವಾಗ ಅದನ್ನು ಚೀಲಕ್ಕೆ ತುರುಕಿದ್ದೆ.

ಶತ್ರುಗಳ ಹಡಗು ಗುರುಪುರ ಹೊಳೆಗೆ ನುಗ್ಗಬಾರದೆಂದು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಇದು. ಬ್ರಿಟಿಷರೊಂದಿಗೆ ಮಂಗಳೂರು ಒಪ್ಪಂದ ಆದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಕೋಟೆ ಎನ್ನಲು ತೀರಾ ಚಿಕ್ಕದು, ನಿಜ. ಮೆಟ್ಟಿಲು ಹತ್ತಿ ತೋಪಿನ ಕಂಡಿಗೆ ಮುಖವಿಟ್ಟರೆ ಹೊಳೆ, ಆಚೆ ದಡದಲ್ಲಿ ತಣ್ಣೀರುಬಾವಿಯ ಗಾಳಿಮರಗಳು.

ನನ್ನ ಕಣ್ಣು ಮಾತ್ರ ಕೆಳಗೇ ಹೋಯಿತು. ಅಜ್ಜ ಒಬ್ಬರು ಬಲೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು, ಹರಿದ ಕಣ್ಣುಗಳನ್ನು ಒಂದೊಂದಾಗಿ ನೂಲು ಹಾಕಿ ಕಟ್ಟುತ್ತಿದ್ದರು. ಗಂಟು ಬಿದ್ದಾಗಲೊಮ್ಮೆ ಹಲ್ಲಿನಿಂದ ನೂಲು ಕಡಿಯುವುದು. ಕಡವಿನಲ್ಲಿ ಆಚೆ ದಡಕ್ಕೆ ಹೊರಟವರು ದೋಣಿಗೆ ಕಾಯುತ್ತಿದ್ದರು. ನಮ್ಮವರು ಅಜ್ಜನ ಹತ್ತಿರ ತುಳುವಿನಲ್ಲಿ ಮೀನಿನ ಕ್ರಯ ಕೇಳುತ್ತಾ ಅರ್ಧ ಗಂಟೆ ಕಳೆದರು. ಕೋಟೆ ನೋಡಿದ್ದು ಐದು ನಿಮಿಷ.

ಎಸ್ಸಾವಿರಾದ ಗೋಡೆ ಚಂದ ಕಾಣುವುದು ಅದರೊಳಗೆ ಈಗಲೂ ಜನ ಬದುಕಿರುವುದರಿಂದ. ಮರಗೆಲಸದ ಅಂಗಡಿಗಳು, ಬಂದರಿನ ಮೀನುವಾಸನೆ ಎಲ್ಲ ಸೇರಿಯೇ ಅದು ಊರು. ನಮ್ಮಲ್ಲಿ ಪ್ರವಾಸೋದ್ಯಮ ಎಂದ ಕೂಡಲೇ ಇಂಟರ್‌ಲಾಕ್ ಹಾಸು, ಸೆಲ್ಫಿ ಪಾಯಿಂಟು. ಬಲೆ ಒಣಗಿಸುವವರಿಗೆ "ಸ್ವಲ್ಪ ಆಚೆ ಹೋಗಿ". ಬತ್ತೇರಿಯ ಸುತ್ತ ಏನು ಬೇಕಾದರೂ ಮಾಡಿ, ಇಲ್ಲಿನ ಬೋಳೂರಿನವರು ದೋಣಿ ಕಟ್ಟುವ, ಬಲೆ ಹರಡುವ ಜಾಗವನ್ನು ಮಾತ್ರ ಮುಟ್ಟಬೇಡಿ. ನಮ್ಮಂಥ ಮೊಣಗಂಟು ನೋವಿನವರಿಗೆ ನೆರಳಲ್ಲಿ ಎರಡು ಬೆಂಚು ಹಾಕಿಕೊಡಿ, ಸಾಕು.