ಮನೆಯಲ್ಲೇ ಇರಿ ಎಂದಾಗ...

2020ರ ಮಾರ್ಚ್ 24ರ ರಾತ್ರಿ ನಿಮಗೆ ನೆನಪಿದೆಯೇ? ಎಂಟು ಗಂಟೆಗೆ ಪ್ರಧಾನಿಯವರು ಟಿ.ವಿ.ಯಲ್ಲಿ ಮಾತನಾಡಿದರು. ಅಂದು ನಡುರಾತ್ರಿಯಿಂದಲೇ 21 ದಿನ ದೇಶಕ್ಕೆ ಬೀಗ. ಸಿದ್ಧತೆಗೆ ಸಿಕ್ಕಿದ್ದು ನಾಲ್ಕೇ ಗಂಟೆ. ನೀವೂ ಆಗ ಅಡುಗೆ ಕೋಣೆಗೆ ಹೋಗಿ ಅಕ್ಕಿಯ ಡಬ್ಬ ತೆರೆದು ನೋಡಿರಬಹುದು. ಡಬ್ಬ ತುಂಬಿದ್ದವರಿಗೆ ಅದು ಬಲವಂತದ ರಜೆ. ಅಂದು ದುಡಿದು ಅಂದೇ ಅಕ್ಕಿ ತರುವವರಿಗೆ?

ಕೊರೋನಾಕ್ಕೆ ಬಡವ-ಬಲ್ಲಿದ ಎಂಬ ಭೇದವಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನನ್ನ ವಿದ್ಯಾರ್ಥಿಗಳಿಗೆ ನಾನೂ ಹೇಳಿದ್ದೆ. ಆದರೆ ರೋಗ ಮಾಡದ ಭೇದವನ್ನು ಹಸಿವು ಮಾಡಿತು. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಯಲ್ಲಿ ಅಂತರ ಕಾಪಾಡುವುದು ಹೇಗೆ? ಬೀದಿಯ ನಲ್ಲಿಯಿಂದ ನೀರು ಹೊರುವವರು ಗಂಟೆಗೊಮ್ಮೆ ಕೈ ತೊಳೆಯುವುದು ಹೇಗೆ?

ನಮ್ಮ ಕರಾವಳಿಯ ಬೀಡಿ ಕಟ್ಟುವ ತಾಯಂದಿರನ್ನೇ ನೋಡಿ. ಅವರು ಮೊದಲಿನಿಂದಲೂ ಮನೆಯಲ್ಲೇ ಕುಳಿತು ದುಡಿಯುವವರು. ಆದರೂ ಅವರ ದುಡಿಮೆ ನಿಂತಿತು. ಎಲೆ, ಹೊಗೆಸೊಪ್ಪು ಬರುವುದು ಬ್ರಾಂಚಿನಿಂದ. ಮಜೂರಿ ಸಿಗುವುದು ಕಟ್ಟಿದ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಬ್ರಾಂಚ್ ಮುಚ್ಚಿತು, ಮೊರ ಖಾಲಿಯಾಯಿತು.

ಊರು ಬಿಟ್ಟು ದುಡಿಯಲು ಹೋದವರ ಪಾಡು ಇನ್ನೂ ಕಠೋರ. ಸರಕಾರ ತಲೆಗೆ ಐದು ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟಿತು, ನಿಜ. ಆದರೆ ಅದು ರೇಷನ್ ಕಾರ್ಡ್ ಇದ್ದವರಿಗೆ. ಎಷ್ಟೋ ಕಾರ್ಮಿಕರ ಕಾರ್ಡ್ ಊರಿನಲ್ಲಿತ್ತು, ಹೊಟ್ಟೆ ನಗರದಲ್ಲಿತ್ತು. ಕಾರ್ಡಿಲ್ಲದ ವಲಸೆ ಕಾರ್ಮಿಕರಿಗೂ ಧಾನ್ಯ ಕೊಡುವ ಕೇಂದ್ರದ ಘೋಷಣೆ ಬರುವಾಗ ಮೇ 14 ಆಗಿತ್ತು. ಅದಕ್ಕೆ ಆರು ದಿನ ಮೊದಲು, ಮಹಾರಾಷ್ಟ್ರದ ಆಗಿನ ಔರಂಗಾಬಾದ್ ಬಳಿ, ಮಧ್ಯಪ್ರದೇಶದ ತಮ್ಮ ಊರಿಗೆ ನಡೆದು ಹೊರಟಿದ್ದ 16 ಕಾರ್ಮಿಕರು ದಣಿದು ಹಳಿಯ ಮೇಲೆಯೇ ನಿದ್ದೆ ಹೋಗಿ, ಗೂಡ್ಸ್ ರೈಲಿಗೆ ಸಿಲುಕಿ ಸತ್ತಿದ್ದರು. ಅವರು ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಯ ಮೇಲೆ ಚೆಲ್ಲಿದ್ದವು.

ಇನ್ನು ನನ್ನದೇ ತಪ್ಪೊಂದನ್ನು ಹೇಳಬೇಕು. ಆ ದಿನಗಳಲ್ಲಿ ನಾವು ಕೆಲವರು ಸೇರಿ ಮನೆಮನೆಗೆ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದೆವು. ಕೊಡುವಾಗ ಒಂದು ಫೋಟೋ. ಹಣ ಕೊಟ್ಟವರಿಗೆ ಲೆಕ್ಕ ತೋರಿಸಬೇಕಲ್ಲ! ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಬಾಗಿಲ ಮರೆಯಲ್ಲೇ ನಿಂತು, "ಮಾಸ್ಟ್ರೇ, ಅಕ್ಕಿ ಬೇಡ ಎನ್ನುವುದಿಲ್ಲ. ಫೋಟೋ ಮಾತ್ರ ಬೇಡ. ಮಗಳಿಗೆ ಸಂಬಂಧ ಮಾತಾಡಿ ಆಗಿದೆ" ಎಂದರು. ಪಕ್ಕದಲ್ಲಿದ್ದ ಹುಡುಗ ತಲೆ ತಗ್ಗಿಸಿದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಅವನಿಗೆ ಪಾಠ ಹೇಳಿದವನು ನಾನೇ. ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ಆದರೆ ಅದಕ್ಕೆ ಮೊದಲು ತೆಗೆದ ಫೋಟೋಗಳು ಆಗಲೇ ಊರೆಲ್ಲ ಸುತ್ತಿದ್ದವು.

ಪ್ರಿಯ ಓದುಗರೇ, ಮಹಾಮಾರಿ ಹೋಯಿತು. ಆಗ ಅಡವಿಟ್ಟ ಬಳೆ ಎಲ್ಲರ ಕೈಗೂ ಮರಳಿ ಬಂದಿಲ್ಲ. ಶಾಲೆ ಬಿಟ್ಟು ಅಂಗಡಿ ಸೇರಿದ ಹುಡುಗರೆಲ್ಲ ಶಾಲೆಗೆ ಮರಳಿಲ್ಲ. ನಿಮ್ಮ ನೆರೆಯಲ್ಲಿ ದಿನಗೂಲಿಯಿಂದ ನಡೆಯುವ ಮನೆ ಯಾವುದು, ಸಾಲದ ಕಂತಿಗೆ ಹೆದರುವ ಮನೆ ಯಾವುದು ಎಂದು ಇಂದೇ ತಿಳಿದಿಟ್ಟುಕೊಳ್ಳಿ. ಮುಂದೆ ಕಷ್ಟ ಬಂದಾಗ ಅವರು ಕೈ ಚಾಚುವ ಮೊದಲೇ ನಿಮ್ಮ ಕೈ ತಲುಪಲಿ. ಆ ಕೈಯಲ್ಲಿ ಮೊಬೈಲ್ ಇರದಿರಲಿ.